ಹನ್ನೆರಡರಲ್ಲಿ ಉಳಿದವರು ಎರಡೇ

ಪ್ರೀತಿಯ ರವಿ,

ಹೋದ ವಾರ ಫೋನಿನಲ್ಲಿ ಕೇಳಿದೆಯಲ್ಲ, ನಿಮ್ಮ ಕಾಲೇಜು ಟೀಮಿನ ಮಾತೇ ಎತ್ತುತ್ತಿಲ್ಲ, ಏನಾಯ್ತು ಅಂತ. ಆಗ ಮಗು ಅಳುತ್ತಿತ್ತು, ಹೇಳೋಕೆ ಆಗಲಿಲ್ಲ. ಇವತ್ತು ಕೂತು ಬರೆಯುತ್ತಿದ್ದೇನೆ.

ನಾನು ಎಂ.ಎಸ್. ಮಾಡಿದ್ದು ಕೊರ್ವಾಲಿಸ್‌ನ ಆರೆಗಾನ್ ಸ್ಟೇಟ್‌ನಲ್ಲಿ. ನಮ್ಮ ಎದುರಾಳಿ ಆರೆಗಾನ್ ವಿಶ್ವವಿದ್ಯಾಲಯ ಇರುವುದು ಯೂಜೀನ್‌ನಲ್ಲಿ. ತುಮಕೂರಿನಿಂದ ಬೆಂಗಳೂರಿಗೆ ಹೋದಷ್ಟೇ ದೂರ ಕಣೋ. ಇಬ್ಬರೂ 1894ರಿಂದ ಒಬ್ಬರ ಎದುರು ಒಬ್ಬರು ಫುಟ್‌ಬಾಲ್ ಆಡುತ್ತಿದ್ದಾರೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿನ ಫುಟ್‌ಬಾಲ್. 1915ರಲ್ಲಿ ಈ ಇಬ್ಬರು, ಜೊತೆಗೆ ವಾಷಿಂಗ್ಟನ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯಗಳು ಸೇರಿ ಪೋರ್ಟ್‌ಲ್ಯಾಂಡ್‌ನಲ್ಲಿ ಒಂದು ಕಾನ್ಫರೆನ್ಸ್ ಕಟ್ಟಿದರು. ಪ್ರತಿ ವರ್ಷ ತಮ್ಮತಮ್ಮಲ್ಲೇ ಆಡಿ, ಬಂದ ಹಣ ಹಂಚಿಕೊಳ್ಳುವ ಕಾಲೇಜುಗಳ ಕೂಟ ಅದು.

ಆಟಗಾರರಿಗೆ ಗುಟ್ಟಾಗಿ ದುಡ್ಡು ಕೊಟ್ಟ ಗಲಾಟೆಯಲ್ಲಿ ಅದು 1959ರಲ್ಲಿ ಒಡೆಯಿತು. ಐದು ಕಾಲೇಜುಗಳು ಸೇರಿ ಹೊಸದು ಮಾಡಿಕೊಂಡವು. ನಮ್ಮದು 1964ರವರೆಗೆ ಹೊರಗೇ ಇತ್ತು. ಆಮೇಲೆ ಎಂಟಾಯಿತು, 1978ರಲ್ಲಿ ಅರಿಜೋನಾದ ಎರಡು ಬಂದು ಹತ್ತಾಯಿತು, 2011ರಲ್ಲಿ ಕೊಲೊರಾಡೊ, ಯೂಟಾ ಬಂದು ಪ್ಯಾಕ್-12 ಆಯಿತು. ನಾನು ಬಂದಾಗ ಇದ್ದದ್ದು ಈ ಹನ್ನೆರಡು.

2022ರ ನವೆಂಬರ್‌ನಲ್ಲಿ ಆರೆಗಾನ್ ನಮ್ಮೂರಿಗೆ ಬಂದಿತ್ತು. 21 ಅಂಕ ಹಿಂದೆ ಬಿದ್ದಿದ್ದೆವು. ಕೊನೆಗೆ 38-34ರಲ್ಲಿ ಗೆದ್ದೆವು. ಪಕ್ಕದಲ್ಲಿ ಕೂತಿದ್ದ, ಹೆಸರೂ ಗೊತ್ತಿಲ್ಲದ ಅಜ್ಜ ನನ್ನನ್ನು ತಬ್ಬಿಕೊಂಡು ಅತ್ತರು. ಈ ದೇಶ ನನ್ನದೂ ಹೌದು ಅನ್ನಿಸಿದ್ದು ಅವತ್ತೇ.

ಆದರೆ ಅಷ್ಟರಲ್ಲಿ ಮನೆ ಬಿರುಕು ಬಿಟ್ಟಾಗಿತ್ತು. ಅದೇ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ಎರಡೂ ನಮ್ಮ ಕೂಟ ಬಿಟ್ಟು ಬಿಗ್ ಟೆನ್ ಎಂಬ ಇನ್ನೊಂದು ಕಾನ್ಫರೆನ್ಸ್‌ಗೆ ಹೋಗುತ್ತೇವೆ ಎಂದಿದ್ದವು. ಕಾರಣ ಟಿವಿ ದುಡ್ಡು. 1984ರಲ್ಲಿ ಸುಪ್ರೀಂ ಕೋರ್ಟ್ ಫುಟ್‌ಬಾಲ್ ಪ್ರಸಾರದ ಮೇಲೆ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಗೆ ಇದ್ದ ಹಿಡಿತವನ್ನು ಬಿಡಿಸಿದ ಮೇಲೆ ಕಾನ್ಫರೆನ್ಸ್‌ಗಳು ತಾವೇ ಚೌಕಾಸಿ ಮಾಡತೊಡಗಿದವು. ಬಿಗ್ ಟೆನ್ ಮಾಡಿಕೊಂಡ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಜಾಸ್ತಿ. ನಮ್ಮವರಿಗೆ ಅದರ ಹತ್ತಿರಕ್ಕೆ ಬರುವಂಥದ್ದು ಸಿಗಲೇ ಇಲ್ಲ.

2023ರ ಜುಲೈನಲ್ಲಿ ಕೊಲೊರಾಡೊ ಹೊರಟಿತು. ಆಗಸ್ಟ್ 4ರ ಶುಕ್ರವಾರ ಒಂದೇ ದಿನ ಐದು ಹೊರಟವು. ಅದರಲ್ಲಿ ಆರೆಗಾನ್ ಕೂಡ ಒಂದು. ಸ್ಟ್ಯಾನ್‌ಫರ್ಡ್, ಬರ್ಕ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ಗೆ ಹೋದವು. ಪೆಸಿಫಿಕ್ ದಡದಲ್ಲಿದ್ದುಕೊಂಡು!

ಉಳಿದವರು ಇಬ್ಬರು. ನಾವು, ಮತ್ತು ಗೋಧಿ ಬೆಳೆಯುವ ಗುಡ್ಡಗಳ ನಡುವಿನ ಪುಲ್‌ಮನ್‌ನ ವಾಷಿಂಗ್ಟನ್ ಸ್ಟೇಟ್. ಎರಡೂ ಸಣ್ಣ ಊರು, ಟಿವಿ ನೋಡುವವರು ಕಡಿಮೆ. ಯಾರೂ ಕರೆಯಲಿಲ್ಲ.

ಫುಟ್‌ಬಾಲ್ ಹುಡುಗರ ಪಾಡು ಹೇಗೋ ನಡೆಯುತ್ತದೆ. ನನಗೆ ಸಂಕಟ ಆಗುವುದು ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹುಡುಗಿಯರನ್ನು ನೆನೆದು. ಲಾಸ್ ಏಂಜಲೀಸ್‌ನಿಂದ ಬಿಗ್ ಟೆನ್‌ನ ಇನ್ನೊಂದು ಕಾಲೇಜು ಇರುವ ನ್ಯೂಜೆರ್ಸಿಗೆ ನಾಲ್ಕು ಸಾವಿರ ಕಿಲೋಮೀಟರ್ ಹತ್ತಿರ. ಆಡಿ ಬಂದು ಮಾರನೇ ದಿನ ಕ್ಲಾಸಿಗೆ ಕೂರಬೇಕು. ಅವರ ಆಟದಿಂದ ಈ ದುಡ್ಡು ಬಂದಿದ್ದಲ್ಲ, ಆದರೆ ಪ್ರಯಾಣ ಅವರದ್ದು. ಇದು ತಪ್ಪು ರವಿ. ಯಾರು ಎಷ್ಟೇ ಲೆಕ್ಕ ತೋರಿಸಲಿ, ತಪ್ಪೇ.

ಆದರೂ ಉಳಿದ ಇಬ್ಬರೂ ಸುಮ್ನೆ ಕೂರಲಿಲ್ಲ. ಕೋರ್ಟಿಗೆ ಹೋಗಿ ಕಾನ್ಫರೆನ್ಸ್‌ನ ಆಡಳಿತ ತಮ್ಮ ಕೈಯಲ್ಲೇ ಇರುವಂತೆ ಮಾಡಿಕೊಂಡರು. ಪಾಲಾದಾಗ ಎಲ್ಲರೂ ಹೊರಟು ಹೋಗಿ ಹಳೇ ಮನೆ ಕಿರಿಯರಿಗೆ ಉಳಿಯುತ್ತದಲ್ಲ, ಹಾಗೆ. ಮೇಲ್ದರ್ಜೆಯ ಫುಟ್‌ಬಾಲ್ ಆಡಲು ಕಾನ್ಫರೆನ್ಸ್‌ನಲ್ಲಿ ಎಂಟು ಟೀಮ್ ಬೇಕು. ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಕೊಲೊರಾಡೊ ಸ್ಟೇಟ್, ಯೂಟಾ ಸ್ಟೇಟ್ ಒಪ್ಪಿದವು. ಎಂಟನೆಯದಾಗಿ ಟೆಕ್ಸಸ್ ಸ್ಟೇಟ್. ಫುಟ್‌ಬಾಲ್ ಟೀಮೇ ಇಲ್ಲದ, ಬ್ಯಾಸ್ಕೆಟ್‌ಬಾಲ್‌ಗೆ ಹೆಸರಾದ ಗೊನ್ಜಾಗಾ ಕೂಡ. ಇವರೆಲ್ಲ ಬರಲು ನಿಗದಿಯಾದ ದಿನ 2026ರ ಜುಲೈ 1.

ಇಲ್ಲಿಗೆ ಬರುತ್ತೇನೆ ಎಂದು ಹೇಳುತ್ತಲೇ ಇದ್ದೀಯ. ಸೆಪ್ಟೆಂಬರ್ ಮೇಲೆ ಬಾ, ಒಂದು ಆಟಕ್ಕೆ ಹೋಗೋಣ. ನಿನ್ನ ಅಳತೆಯ ಕಿತ್ತಳೆ ಬಣ್ಣದ ಟೀ ಶರ್ಟ್ ಒಂದು ತಂದಿಟ್ಟಿದ್ದೇನೆ.

ನಿನ್ನ,
ಸುರೇಶ