ಕಿವಿಯಲ್ಲಿ ಪಿಸುಗುಟ್ಟುವ ಹುಡುಗಿ ಎಲ್ಲಿ?

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ಪುರವಣಿಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಫೋಟೊಗಳ ಬಗ್ಗೆ ಬಂದ ಲೇಖನ ಖುಷಿ ಕೊಟ್ಟಿತು. ಆದರೆ ಜೊತೆಗಿದ್ದ ಚಿತ್ರಕಲಾವಿದ ಜಿ.ಎಫ್. ವಾಟ್ಸ್ ಅವರ ಭಾವಚಿತ್ರ ನೋಡಿ ಮನಸ್ಸಿಗೆ ನೋವಾಯಿತು. ಮೂವತ್ತು ವರ್ಷ ಸ್ಟುಡಿಯೊ ನಡೆಸಿದವನು ನಾನು, ಅದಕ್ಕೇ ಈ ಪತ್ರ.

ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ 1865ರಲ್ಲಿ ತೆಗೆದ ಆ ಫೋಟೊದ ಹೆಸರು ‘ದಿ ವಿಸ್ಪರ್ ಆಫ್ ದಿ ಮ್ಯೂಸ್’, ಅಂದರೆ ಕಲಾದೇವಿಯ ಪಿಸುಮಾತು. ಮೂಲದಲ್ಲಿ ವಾಟ್ಸ್ ಪಿಟೀಲು ಹಿಡಿದು ಕೂತಿದ್ದಾರೆ. ಜೊತೆಗೆ ಇಬ್ಬರು ಪುಟ್ಟ ಹುಡುಗಿಯರು; ಒಬ್ಬಳು ಹೆಗಲ ಹಿಂದಿನಿಂದ ಅವರ ಕಿವಿಯತ್ತ ಬಾಗಿದ್ದಾಳೆ. ನಿಮ್ಮ ಪುಟದಲ್ಲಿ ಇಬ್ಬರೂ ಇಲ್ಲ. ಜಾಗ ಸಾಲದೆ ಕತ್ತರಿಸಿರಬಹುದು. ಆದರೆ ಪಿಸುಗುಟ್ಟುವವಳನ್ನೇ ತೆಗೆದರೆ ಆ ಹೆಸರಿಗೆ ಏನು ಅರ್ಥ ಉಳಿಯಿತು?

ಅದರ ಮೇಲೆ ಬಣ್ಣ ಬೇರೆ ಹಚ್ಚಿದ್ದೀರಿ. ಅಂದಿನ ಕೊಲೋಡಿಯನ್ ಪ್ಲೇಟು, ಅಂದರೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಬಳಿದ ಗಾಜು, ನೀಲಿ ಬೆಳಕಿಗಷ್ಟೇ ಚೆನ್ನಾಗಿ ಸ್ಪಂದಿಸುತ್ತಿತ್ತು. ಕೆಂಪು ಬಟ್ಟೆ ಕಪ್ಪಾಗಿಯೇ ಬೀಳುತ್ತಿತ್ತು. ಪ್ರಿಂಟಿನ ಕಪ್ಪು ನೋಡಿ ಅದರ ನಿಜವಾದ ಬಣ್ಣ ಯಾವುದೆಂದು ಕಂಪ್ಯೂಟರಿಗೂ ಹೇಳಲಾಗದು.

ಇನ್ನು ಮೂಲದ ಮಸುಕು. ಅದನ್ನೂ ಶಾರ್ಪ್ ಮಾಡಿಸಿ ಅಳಿಸಿದ್ದೀರಿ. ಕಲ್ಕತ್ತದಲ್ಲಿ ಹುಟ್ಟಿದ ಕ್ಯಾಮೆರಾನ್ ಎಂಬ ಈ ಹೆಂಗಸಿಗೆ ಮೊದಲ ಕ್ಯಾಮೆರಾ ಸಿಕ್ಕಿದ್ದು 48ನೇ ವಯಸ್ಸಿನಲ್ಲಿ, ಮಗಳು ಅಳಿಯ ಕೊಟ್ಟ ಉಡುಗೊರೆಯಾಗಿ. ಐಲ್ ಆಫ್ ವೈಟ್ ದ್ವೀಪದ ಮನೆಯಲ್ಲಿ ಕಲ್ಲಿದ್ದಲ ಕೋಣೆಯೇ ಡಾರ್ಕ್‌ರೂಮು, ಕೋಳಿಗೂಡೇ ಸ್ಟುಡಿಯೊ. ಗಾಜಿಗೆ ಕೊಲೋಡಿಯನ್ ಸುರಿದು, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಒದ್ದೆ ಆರುವುದರೊಳಗೆ ಫೋಟೊ ತೆಗೆದು ತೊಳೆಯಬೇಕು. ಕೂತವರು ನಿಮಿಷಗಟ್ಟಲೆ ಅಲುಗಾಡಬಾರದು. ಫೋಕಸ್ ಸರಿಯಿಲ್ಲ, ಪ್ಲೇಟಿನಲ್ಲಿ ಕಲೆಗಳಿವೆ ಎಂದು ಅಂದಿನ ಫೋಟೊಗ್ರಾಫರುಗಳೂ ಆಕೆಯನ್ನು ಬೈದರು. ಕಣ್ಣಿಗೆ ಚೆಂದ ಕಂಡಲ್ಲಿಗೇ ಲೆನ್ಸು ತಿರುಗಿಸುವುದನ್ನು ನಿಲ್ಲಿಸುತ್ತಿದ್ದೆ, ಇನ್ನಷ್ಟು ಶಾರ್ಪ್ ಮಾಡಲು ಹೋಗುತ್ತಿರಲಿಲ್ಲ ಎಂದು ಆಕೆಯೇ ಮುಂದೆ ಬರೆದಿಟ್ಟಿದ್ದಾರೆ. ಅಷ್ಟಾದರೂ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ 1865ರಲ್ಲೇ ಆಕೆಯ ಫೋಟೊಗಳನ್ನು ಕೊಂಡಿತು. ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅದೇ.

ವಾಟ್ಸ್ ಆಕೆಗೆ ಹೊರಗಿನವರಲ್ಲ. ಆಕೆಯ ತಂಗಿಯ ಲಂಡನ್ ಮನೆಯಲ್ಲಿ ವರ್ಷಗಟ್ಟಲೆ ಇದ್ದವರು, ಕಲೆಯ ವಿಷಯದಲ್ಲಿ ಆಕೆಗೆ ಸಲಹೆ ಕೊಡುತ್ತಿದ್ದವರು. ತನಗೆ ದಾರಿ ತೋರಿದವನ ಮುಖವನ್ನು ಆಕೆ ಕಂಡ ಬಗೆ ಆ ಮಸುಕಿನಲ್ಲೇ ಇದೆ. ನೀವು ಶಾರ್ಪ್ ಮಾಡಿಸಿದ ಮುಖದಲ್ಲಿ ಗಡ್ಡದ ಒಂದೊಂದು ಕೂದಲೂ ಎದ್ದು ಕಾಣುತ್ತದೆ, ಯೋಚನೆಯಲ್ಲಿ ಮುಳುಗಿದ ಆ ಕಣ್ಣು ಕಾಣುವುದಿಲ್ಲ.

ನಾನೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಸುಕ್ಕು, ಸಿಡುಬಿನ ಕಲೆ ಮರೆಸಿದವನೇ. ಮದುವೆಗೆ ಫೋಟೊ ಕಳಿಸಬೇಕು, ಟಚಿಂಗ್ ಮಾಡಿಕೊಡಿ ಎಂದು ಮನೆಯವರು ಕೇಳುತ್ತಿದ್ದರು, ಮಾಡಿಕೊಡುತ್ತಿದ್ದೆ. ಅದು ಅವರ ಫೋಟೊ, ಅವರ ಇಷ್ಟ. ಕ್ಯಾಮೆರಾನ್ ಪ್ಲೇಟನ್ನು ತಿದ್ದಿಕೊಡಿ ಎಂದು ಯಾರೂ ಕೇಳಿರಲಿಲ್ಲ.

ದಯವಿಟ್ಟು ಮುಂದಿನ ಭಾನುವಾರ ಅದೇ ಫೋಟೊವನ್ನು ಅದರ ಕಂದುಬಣ್ಣ, ಕಲೆ, ಮಸುಕು ಸಮೇತ ಇನ್ನೊಮ್ಮೆ ಅಚ್ಚು ಹಾಕಿ. ಎರಡು ಕಾಲಂ ಅಗಲ ಸಿಕ್ಕರೂ ಸಾಕು, ಹುಡುಗಿಯರಿಬ್ಬರೂ ಇರಲಿ.

— ಹಳೆಯ ಓದುಗ, ಶಿವಮೊಗ್ಗ