ಹೆಡ್ ಕೂರಿಸುವ ಮೊದಲು ಬೋಲ್ಟ್ ತೂತು ನೋಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ದಾವಣಗೆರೆಯ ಗ್ಯಾರೇಜುಗಳಿಗೆ ಎಂಜಿನ್ ಬಿಸಿಯಾದ ಕಾರುಗಳು ಜಾಸ್ತಿ ಬರುತ್ತವೆ. ಎಂಜಿನ್ನಿನ ಬ್ಲಾಕ್ ಎಂಬ ಕೆಳಭಾಗಕ್ಕೂ ಅದರ ಮೇಲೆ ಬೋಲ್ಟ್ ಹಾಕಿ ಕೂರಿಸುವ ಹೆಡ್ಡಿಗೂ ನಡುವೆ ಸೋರದಂತೆ ಇಡುವ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ, ಹೊಸದು ಬೀಳುತ್ತದೆ. ಕೆಲವು ಕಾರು ಚಿತ್ರದುರ್ಗ ಮುಟ್ಟುವ ಮೊದಲೇ ಮತ್ತೆ ಬಿಸಿಯಾಗಿ ನಿಲ್ಲುತ್ತವೆ. ಆಗ ಎಲ್ಲರೂ ಬೈಯುವುದು ಗ್ಯಾಸ್ಕೆಟ್ಟನ್ನು. ನಾನು ಪಿ.ಬಿ. ರಸ್ತೆಯಲ್ಲಿ ಎಂಜಿನ್ ಕೆಲಸ ಮಾಡುವವನು. ಇಂಥ ಎಂಜಿನ್ ಬಿಚ್ಚಿದಾಗ ತಪ್ಪು ಕಾಣುವುದು ಹೆಚ್ಚಾಗಿ ಬೋಲ್ಟಿನ ಥ್ರೆಡ್ಡಿನಲ್ಲಿ, ಅಂದರೆ ಸುರುಳಿ ಗೀರಿನಲ್ಲಿ.

ಬೋಲ್ಟನ್ನು ಇಂತಿಷ್ಟೇ ಬಲದಲ್ಲಿ ಬಿಗಿಸುವ ಟಾರ್ಕ್ ರೆಂಚ್ 'ಟಿಕ್' ಅಂದರೆ ಕೆಲಸ ಮುಗಿಯಿತು ಎಂದು ಹುಡುಗರು ನಂಬುತ್ತಾರೆ. ಆದರೆ ನಾವು ಹಾಕುವ ಬಲದಲ್ಲಿ ಬೋಲ್ಟನ್ನು ಎಳೆದು ಹೆಡ್ ಬಿಗಿ ಮಾಡುವುದು ಸುಮಾರು ಶೇ 10 ಮಾತ್ರ. ಉಳಿದದ್ದು ಥ್ರೆಡ್ಡಿನ ಮತ್ತು ಬೋಲ್ಟ್ ತಲೆಯ ಕೆಳಗಿನ ಉಜ್ಜಾಟಕ್ಕೇ ಹೋಗುತ್ತದೆ. ತುಕ್ಕು, ಮಸಿ, ಸೋರದಂತೆ ಹಚ್ಚಿದ ಹಳೆಯ ಸೀಲಂಟ್ ಇದ್ದರೆ ಆ ಶೇ 10 ಕೂಡ ಉಳಿಯುವುದಿಲ್ಲ. ರೆಂಚ್ ಟಿಕ್ ಅಂದಿರುತ್ತದೆ, ಹೆಡ್ ಸಡಿಲವೇ ಇರುತ್ತದೆ. ಹಾಗಂತ ಸುಮ್ನೆ ಗ್ರೀಸ್ ಬಳಿದರೂ ಕಷ್ಟ, ಬೋಲ್ಟ್ ಬೇಕಾದ್ದಕ್ಕಿಂತ ಜಾಸ್ತಿ ಹಿಗ್ಗಿಬಿಡುತ್ತದೆ. ಎಣ್ಣೆ ಹಚ್ಚಬೇಕೋ, ಒಣಗಿರಬೇಕೋ ಎಂಬುದನ್ನು ಆಯಾ ಎಂಜಿನ್ನಿನ ಮ್ಯಾನ್ಯುಯಲ್ ಹೇಳುತ್ತದೆ.

ನನಗೆ ಹೆಚ್ಚು ಭಯ ಬ್ಲಾಕಿನಲ್ಲಿರುವ ತಳಮುಚ್ಚಿದ ಬೋಲ್ಟ್ ತೂತುಗಳದ್ದು. ಬ್ಲಾಕ್ ತೊಳೆದ ಮೇಲೆ ಅವುಗಳ ತಳದಲ್ಲಿ ಆಯಿಲ್, ಕೂಲಂಟ್ ನಿಂತಿರುತ್ತದೆ. ನೀರಾಗಲಿ ಎಣ್ಣೆಯಾಗಲಿ ಅದುಮಿದರೆ ಕುಗ್ಗುವುದಿಲ್ಲ ಅಲ್ವಾ? ಬೋಲ್ಟ್ ಕೆಳಗಿಳಿದಂತೆ ಆ ಒತ್ತಡಕ್ಕೆ ಬ್ಲಾಕೇ ಸೀಳಬಹುದು. ಗ್ಯಾಸ್ಕೆಟ್ ಬದಲಿಸಬಹುದು, ಸೀಳಿದ ಬ್ಲಾಕನ್ನು ಏನು ಮಾಡುವುದು? ತೂತಿನ ಮೇಲೆ ಬಟ್ಟೆ ಹಿಡಿದು, ಕಣ್ಣಿಗೆ ಕನ್ನಡಕ ಹಾಕಿ, ಕಂಪ್ರೆಸರ್ ಗಾಳಿ ಬಿಡಿ. ತಳ ಒಣಗಿದೆಯೇ ಎಂದು ಟಾರ್ಚ್ ಹಾಕಿ ನೋಡಿ.

ಥ್ರೆಡ್ ಶುಚಿ ಮಾಡಲು ಥ್ರೆಡ್ ಚೇಸರ್ ಬಳಸಿ. ಹೊಸ ಥ್ರೆಡ್ ಕತ್ತರಿಸುವ ಟ್ಯಾಪ್ ಹಾಕಿದರೆ ಒಳ್ಳೆಯ ಲೋಹವೂ ಕೆರೆದು ಬರುತ್ತದೆ. ಅಲ್ಯೂಮಿನಿಯಂ ಬ್ಲಾಕಿನಲ್ಲಂತೂ ಬೇಡವೇ ಬೇಡ. ನೀರಿನ ದಾರಿಗೆ ತೆರೆದ ತೂತಿನ ಬೋಲ್ಟಿಗೆ ಮಾತ್ರ ಸೀಲಂಟ್ ಹಚ್ಚಿ. ಕೋನ ಅಳೆದು ಬಿಗಿಸುವ ಬೋಲ್ಟುಗಳಲ್ಲಿ ಹಲವು ಒಂದೇ ಸಲಕ್ಕೆ, ಅವನ್ನು ಮತ್ತೆ ಹಾಕಬೇಡಿ.

ಇದಕ್ಕೆಲ್ಲ ಸಮಯ ಬೇಕು. 'ಸಂಜೆಗೇ ಗಾಡಿ ಬೇಕು' ಎಂದು ಮಾಲೀಕರು ಅವಸರ ಮಾಡಿದಾಗ ಮೊದಲು ಬಿಟ್ಟುಹೋಗುವುದು ಈ ಕೆಲಸವೇ. ಅರ್ಧ ದಿನ ಜಾಸ್ತಿ ಕೊಡಿ. ಹೊಸ ಬೋಲ್ಟಿನ ಬಿಲ್ ಬಂದರೆ ಜಗಳ ಆಡಬೇಡಿ, ಹಳೆಯ ಬೋಲ್ಟ್ ಕೇಳಿ ಪಡೆಯಿರಿ. ಐಟಿಐ ಮೇಷ್ಟ್ರುಗಳಿಗೂ ಒಂದು ವಿನಂತಿ. ಹುಡುಗರ ಕೈಗೆ ರೆಂಚ್ ಕೊಡುವ ಮೊದಲು ವೈರ್ ಬ್ರಷ್ ಕೊಡಿ.

– ಒಬ್ಬ ಎಂಜಿನ್ ಮೆಕ್ಯಾನಿಕ್, ದಾವಣಗೆರೆ