ಮಳೆ ನೋಡದ ಯಂತ್ರಗಳು: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು.

ನಾನು ಮಲೆನಾಡಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್, ಅಂದರೆ ಯಂತ್ರಗಳನ್ನು ಹದದಲ್ಲಿ ನಡೆಸುವ ವಿದ್ಯೆಯ ಪಾಠ ಮಾಡುವವನು. ಈ ಕೆಲಸಕ್ಕೆ ಸೇರಿ 20 ವರ್ಷವಾಯಿತು. ನಮ್ಮ ಲ್ಯಾಬಿನ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರ ಮೇಲಿನ ಅರೆಯಲ್ಲಿ ಅಡಿಕೆ ಮರ ಹತ್ತುವ ಯಂತ್ರವೊಂದು ಕೂತಿದೆ. ಕೆಳಗಿನ ಅರೆಯಲ್ಲಿ ತಾನೇ ಏರಿ ಇಳಿಯುವ ಕಾಲುವೆ ತೂಬಿನ ಮಾದರಿ. ಅದರ ಪಕ್ಕದಲ್ಲಿ ಕಣ್ಣು ಕಾಣದವರಿಗೆ ದಾರಿ ಹೇಳುವ ಕೋಲು. ಎಲ್ಲವನ್ನೂ ಮಾಡಿದವರು ನಮ್ಮ ವಿದ್ಯಾರ್ಥಿಗಳು. ಎಲ್ಲವೂ ಮೇ ತಿಂಗಳಲ್ಲಿ ಒಂದು ಸಲ ಓಡಿವೆ. ಆಮೇಲೆ ಓಡಿಲ್ಲ.

ಅಡಿಕೆ ಮರದ ಯಂತ್ರದ ಕಥೆಯನ್ನು ನಿಮಗೆ ಪೂರ್ತಿ ಹೇಳಬೇಕು. ನನ್ನ ಬೇಡಿಕೆ ಏನು ಅಂತ ಅದರಿಂದಲೇ ಗೊತ್ತಾಗುತ್ತದೆ.

ಅಡಿಕೆಗೆ ಕೊಳೆರೋಗ ಬರುವುದು ಮಳೆಗಾಲದಲ್ಲಿ. ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ ಗೊನೆಗೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯಬೇಕು. ಆಗ ಮರ ಪಾಚಿ ಕಟ್ಟಿ ಸೋಪು ಹಚ್ಚಿದ ಹಾಗಿರುತ್ತದೆ. ಮರ ಹತ್ತಿ ಈ ಕೆಲಸ ಮಾಡುವ ಕೊನೆಗಾರರು ಸಿಗುವುದೇ ಕಷ್ಟ. ಸಿಕ್ಕವರು ಜೀವ ಕೈಯಲ್ಲಿ ಹಿಡಿದುಕೊಂಡು ಹತ್ತುತ್ತಾರೆ. ಜಾರಿ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಕಡೆ ಊರಿಗೊಬ್ಬರಾದರೂ ಇದ್ದಾರೆ. ಮರ ಹತ್ತುವ ಯಂತ್ರ ಮಾಡುವ ಯೋಚನೆ ಹೊಸದೇನಲ್ಲ. 2019ರಲ್ಲಿ ಬಂಟ್ವಾಳದ ಕಡೆಯ ಕೃಷಿಕರೊಬ್ಬರು ತಾವೇ ಕೂತು ಮೇಲೆ ಹೋಗುವ ಬೈಕ್ ಮಾಡಿದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ನಮ್ಮ ಕೊನೆಯ ವರ್ಷದ ನಾಲ್ವರು ಮಕ್ಕಳು ಇನ್ನೊಂದು ದಾರಿ ಹಿಡಿದರು. ಮನುಷ್ಯ ನೆಲದ ಮೇಲೇ ನಿಲ್ಲಬೇಕು, ಯಂತ್ರ ಮಾತ್ರ ಪೈಪು ಹೊತ್ತು ಹತ್ತಬೇಕು ಅಂತ ಅವರ ಆಸೆ. ಆ ನಾಲ್ವರಲ್ಲಿ ಒಬ್ಬಳ ಅಪ್ಪ ಕೊನೆಗಾರ.

ಕೇಳಲು ಸುಲಭ. ಮಾಡಲು ಹೋದಾಗ ಗೊತ್ತಾಯಿತು. ಅಡಿಕೆ ಮರ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ. ಗಟ್ಟಿಯಾಗಿ ಹಿಡಿದರೆ ಕಾಂಡಕ್ಕೆ ಗಾಯ, ಸಡಿಲ ಬಿಟ್ಟರೆ ಜಾರುತ್ತದೆ. ಹಿಡಿತ ಎಷ್ಟಿದೆ ಅಂತ ಅಳೆಯಬೇಕು. ಎಷ್ಟಿರಬೇಕೋ ಅದರ ಜೊತೆ ಹೋಲಿಸಬೇಕು. ವ್ಯತ್ಯಾಸ ಕಂಡ ಕೂಡಲೇ ಮೋಟಾರಿಗೆ ಹೇಳಬೇಕು. ಇದನ್ನು ಒಂದು ಸೆಕೆಂಡಿನಲ್ಲಿ 100 ಸಲ ಮಾಡಬೇಕು. ಇದಕ್ಕೇ ನಾವು ಫೀಡ್‌ಬ್ಯಾಕ್ ಎನ್ನುವುದು. ಹೇಳುವುದು ತಡವಾದರೆ ಯಂತ್ರ ಬಿದ್ದೇ ಹೋಗುತ್ತದೆ. ಅವಸರಪಟ್ಟು ಜಾಸ್ತಿ ಹೇಳಿದರೆ ಮೈಯೆಲ್ಲ ನಡುಗಲು ಶುರು ಮಾಡುತ್ತದೆ. ಬಿಗಿ, ಸಡಿಲ, ಮತ್ತೆ ಬಿಗಿ, ಮತ್ತೆ ಸಡಿಲ. ಆ ನಡುಕ ನಿಲ್ಲಿಸಿ ಹದಕ್ಕೆ ತರಲು ಮಕ್ಕಳಿಗೆ ಆರು ವಾರ ಹಿಡಿಯಿತು. ಪುಸ್ತಕದಲ್ಲಿ ಟ್ಯೂನಿಂಗ್ ಅಂತ ಬರೆದಿರುತ್ತದೆ. ಆಲೆಮನೆಯಲ್ಲಿ ಬೆಲ್ಲದ ಹದ ನೋಡುವವರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ತೋಟದಲ್ಲಿ ಪರೀಕ್ಷೆ ಆಯಿತು. ಮೊಬೈಲಿನಿಂದ ನಡೆಸಿದ ಯಂತ್ರ ಕಿರ್ರೆನ್ನುತ್ತಾ ಗೊನೆಯವರೆಗೂ ಹೋಯಿತು, ಇಳಿದು ಬಂತು. ಮಕ್ಕಳು ಕುಣಿದಾಡಿದರು. ಆ ಹುಡುಗಿಯ ಅಪ್ಪ ಮಾತ್ರ ಸುಮ್ನೆ ನೋಡುತ್ತಾ ನಿಂತಿದ್ದರು. ಆಮೇಲೆ ಹತ್ತಿರ ಬಂದು ಕೇಳಿದರು: "ಈ ಕೆಂಪು ದೀಪ ಹತ್ತಿದ್ರೆ ನಾನೇನು ಮಾಡ್ಬೇಕು? ನಿಲ್ಲಿಸ್ಬೇಕಾ, ಇಳಿಸ್ಬೇಕಾ?"

ಯಾರೂ ಮಾತಾಡಲಿಲ್ಲ. ಯಾಕೆಂದರೆ ಬ್ಯಾಟರಿ ಕಡಿಮೆಯಾದರೂ ಅದೇ ದೀಪ, ಹಿಡಿತ ತಪ್ಪುತ್ತಿದ್ದರೂ ಅದೇ ದೀಪ. ಬ್ಯಾಟರಿ ಕಡಿಮೆ ಇದ್ದರೆ ಬೇಗ ಇಳಿಸಬೇಕು. ಹಿಡಿತ ತಪ್ಪುತ್ತಿದ್ದರೆ ಅಲ್ಲಾಡಿಸಲೇಬಾರದು. ಅವರು ಬಿಡಲಿಲ್ಲ. "ಮೈಲುತುತ್ತ, ಸುಣ್ಣ ಎಲ್ಲ ಕೈಗೆ ಮೆತ್ತಿರುತ್ತೆ. ಒದ್ದೆ ಕೈಲಿ ಈ ಮೊಬೈಲು ಒತ್ತಿದ್ರೆ ಕೇಳುತ್ತಾ?" ಕೇಳುವುದಿಲ್ಲ. ಮೊಬೈಲಿನ ಪರದೆಯಲ್ಲಿದ್ದ ಅಕ್ಷರಗಳೆಲ್ಲ ಇಂಗ್ಲಿಷು, ಅದು ಬೇರೆ. ಕೊನೆಗೆ ಅವರು ಹೇಳಿದ್ದು ಇಷ್ಟು: "ಇದು ಬೇಸಿಗೆ ಮರ ಸಾರ್. ಆರಿದ್ರೆ ಮಳೆ ಹಿಡಿದ ಮೇಲೆ ತನ್ನಿ, ಆಗ ನೋಡಾನ."

ಸಚಿವರೇ, ಮನುಷ್ಯ ಮತ್ತು ರೋಬೋಟಿನ ಒಡನಾಟ ಅಂತ ಇವತ್ತು ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಒಂದು ದೊಡ್ಡ ಸಂಶೋಧನಾ ಕ್ಷೇತ್ರವೇ ಇದೆ. ಯಂತ್ರ ಮುಂದೇನು ಮಾಡುತ್ತದೆ ಎಂದು ಪಕ್ಕದಲ್ಲಿ ನಿಂತವನಿಗೆ ಹೇಗೆ ತಿಳಿಯಬೇಕು, ಅವನು ಅದನ್ನು ಎಷ್ಟು ನಂಬಬಹುದು, ಕೆಟ್ಟಾಗ ಯಾರ ಮಾತು ನಡೆಯಬೇಕು, ಇವೇ ಅಲ್ಲಿನ ಪ್ರಶ್ನೆಗಳು. ಆ ಕೊನೆಗಾರರು ಹತ್ತು ನಿಮಿಷದಲ್ಲಿ ಮೂರು ಒಳ್ಳೆಯ ಸಂಶೋಧನಾ ಪ್ರಶ್ನೆ ನಮ್ಮ ಮುಂದೆ ಇಟ್ಟುಹೋದರು. ಉತ್ತರ ಹುಡುಕಲು ನಮಗೆ ಒಂದು ಮಳೆಗಾಲ ಬೇಕಿತ್ತು. ಆರಿದ್ರೆ ಮಳೆ ಬರುವುದು ಜೂನ್ ಕೊನೆಗೆ. 8ನೇ ಸೆಮಿಸ್ಟರ್ ಅಷ್ಟರಲ್ಲಿ ಮುಗಿದುಹೋಗಿರುತ್ತದೆ. ವೈವಾ ಆಯಿತು, ಒಳ್ಳೆಯ ಅಂಕ ಬಂತು, ನಾಲ್ವರೂ ಕೆಲಸ ಹುಡುಕಿಕೊಂಡು ಬೆಂಗಳೂರು ಬಸ್ಸು ಹತ್ತಿದರು. ಯಂತ್ರ ಬೀರು ಸೇರಿತು.

ಮಳೆಗಾಲಕ್ಕೆಂದೇ ಮಾಡಿದ ಯಂತ್ರ ಮಳೆಯನ್ನೇ ನೋಡಲಿಲ್ಲ. ನಮ್ಮ ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ ಈ ನಾಡಿನ ನಿಜವಾದ ತೊಂದರೆಗಳು ಶುರುವಾಗುತ್ತವೆ. ಕೊಳೆರೋಗ, ತುಂಬಿದ ಚರಂಡಿ, ಉಕ್ಕುವ ಹಳ್ಳ, ಅಣೆಕಟ್ಟೆಯ ಬಾಗಿಲು, ಎಲ್ಲವೂ ಜೂನ್ ಆದ ಮೇಲಿನವು.

ಮುಂದಿನ ವರ್ಷ ಇಬ್ಬರು ವಿದ್ಯಾರ್ಥಿಗಳು ಅದನ್ನೇ ಮುಂದುವರಿಸುತ್ತೇವೆ ಅಂದರು. ನನಗೆ ಎಷ್ಟು ಖುಷಿಯಾಗಿತ್ತು! ಮೊಬೈಲ್ ತೆಗೆದು, ಒದ್ದೆ ಕೈಗೂ ಸಿಗುವ ದಪ್ಪ ಹಿಡಿಕೆ ಹಾಕಿದರು. ಒಂದು ದೀಪದ ಜಾಗದಲ್ಲಿ ಎರಡು ಬೇರೆ ಬೇರೆ ಸದ್ದು ಇಟ್ಟರು. ಮೇಲೆ ನೋಡುತ್ತಿರುವವನು ದೀಪ ನೋಡಲು ತಲೆ ಬಗ್ಗಿಸಬೇಕಾಗಿಲ್ಲ ಅಂತ. ಮೌಲ್ಯಮಾಪನಕ್ಕೆ ಬಂದವರು ಹಾಳೆ ತಿರುವಿ ಕೇಳಿದ್ದು ಒಂದೇ ಮಾತು: "ಹೋದ ವರ್ಷದ್ದೇ ಅಲ್ವಾ? ಹೊಸದೇನಿದೆ?" ಅಂಕ ಕಡಿಮೆ ಬಂತು. ಮೂರನೇ ವರ್ಷ ಯಾರೂ ಆ ಬೀರು ತೆಗೆಯಲಿಲ್ಲ. ಅವರನ್ನು ಹೇಗೆ ದೂರಲಿ? ಪೇಟೆಯಲ್ಲಿ ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳಿವೆ. ದುಡ್ಡು ಕೊಟ್ಟರೆ ಹೊಸ ಹೆಸರಿನ ಹಳೆಯ ಪ್ರಾಜೆಕ್ಟ್ ವರದಿ ಸಮೇತ ಕೈಗೆ ಬರುತ್ತದೆ. ನಿಜವಾಗಿ ಕೆಲಸ ಮುಂದುವರಿಸಿದವರಿಗಿಂತ ಅದನ್ನು ತಂದವರಿಗೆ ಜಾಸ್ತಿ ಅಂಕ ಬಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ದೇಶದಲ್ಲೇ ಬೇರೆ ರೀತಿ ನಡೆದ ಉದಾಹರಣೆಗಳಿವೆ. ನೀರು ಏರಿದರೆ ತಾನೇ ತೆರೆದುಕೊಂಡು, ಇಳಿದರೆ ತಾನೇ ಮುಚ್ಚಿಕೊಳ್ಳುವ ಬಾಗಿಲನ್ನು ವಿಶ್ವೇಶ್ವರಯ್ಯನವರು ಮೊದಲು ಹಾಕಿದ್ದು 1903ರಲ್ಲಿ, ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ. ಕರೆಂಟಿಲ್ಲ, ಕಂಪ್ಯೂಟರಿಲ್ಲ. ನಾನು ತರಗತಿಯಲ್ಲಿ ಫೀಡ್‌ಬ್ಯಾಕ್ ಪಾಠ ಶುರು ಮಾಡುವುದೇ ಆ ಬಾಗಿಲಿನಿಂದ. ಅದು ಅಲ್ಲಿಗೇ ನಿಲ್ಲಲಿಲ್ಲ. ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟೆಗೆ ಹೋಯಿತು, ಆಮೇಲೆ ನಮ್ಮ ಕನ್ನಂಬಾಡಿ ಕಟ್ಟೆಗೆ ಬಂತು. ಒಂದೇ ಕೆಲಸವನ್ನು ಊರಿಂದ ಊರಿಗೆ, ಹೊಳೆಯಿಂದ ಹೊಳೆಗೆ ಒಯ್ದರು. ಅವತ್ತು ಯಾರಾದರೂ "ಖಡಕ್‌ವಾಸ್ಲಾದ್ದೇ ಅಲ್ವಾ, ಹೊಸದೇನಿದೆ" ಅಂದಿದ್ದರೆ?

ಮೈಸೂರು ಸಂಸ್ಥಾನ 370ಕ್ಕೂ ಹೆಚ್ಚು ಎಕರೆ ಜಾಗ ಕೊಟ್ಟು ಬೆಳೆಸಿದ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡಿ. ಅಲ್ಲಿ ಸ್ಟೋಕ್ ಅಂತ ನಾಲ್ಕು ಕಾಲಿನ ರೋಬೋಟ್ ಇದೆ. ಮೊದಲ ಸ್ಟೋಕ್ ಆದ ಮೇಲೆ ಎರಡನೆಯದು, ಮೂರನೆಯದು ಬಂತು. ಹಿಂದಿನದು ಎಲ್ಲಿ ಎಡವಿತೋ ಮುಂದಿನದು ಅಲ್ಲಿಂದ ಹೆಜ್ಜೆ ಇಟ್ಟಿತು. ಹಾಗೆ ಮುಂದುವರಿಯಲು ಅಲ್ಲಿ ಜನ ಇದ್ದಾರೆ, ವರ್ಷಗಳಿವೆ. ತಾಲ್ಲೂಕಿನ ಕಾಲೇಜಿಗೆ ಅಷ್ಟು ಬೇಡ. ಒಂದು ವರ್ಷ ಸಾಕು.

ಪಕ್ಕದ ಕೇರಳದ ಮಾತು ಹೇಳದೆ ಇರಲಾರೆ. 2015ರಲ್ಲಿ ಕೋಳಿಕ್ಕೋಡ್‌ನ ಒಂದು ಮ್ಯಾನ್‌ಹೋಲ್‌ನಲ್ಲಿ ಇಬ್ಬರು ಕಾರ್ಮಿಕರು ಉಸಿರುಗಟ್ಟಿ ಸತ್ತರು. ಅವರನ್ನು ಉಳಿಸಲು ಇಳಿದ ಆಟೋ ಚಾಲಕರೂ ಸತ್ತರು. ಕುಟ್ಟಿಪ್ಪುರಂನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಜೊತೆಗೆ ಓದಿ, ಅಲ್ಲೇ ರೋಬೋಟ್ ಕಟ್ಟಲು ಕಲಿತ ಗೆಳೆಯರು ಮುಂದೆ ಮ್ಯಾನ್‌ಹೋಲ್ ಶುಚಿ ಮಾಡುವ ಬ್ಯಾಂಡಿಕೂಟ್ ರೋಬೋಟ್ ಮಾಡಿದರು. ಕೇರಳ ಸ್ಟಾರ್ಟಪ್ ಮಿಷನ್, ಜಲ ಪ್ರಾಧಿಕಾರ ಎರಡೂ ಕೈಜೋಡಿಸಿದವು. 2018ರಲ್ಲಿ ಅದು ತಿರುವನಂತಪುರದಲ್ಲಿ ಕೆಲಸಕ್ಕೆ ಇಳಿಯಿತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ವಿಷಯ. ಹಿಂದೆ ಗುಂಡಿಗೆ ಇಳಿಯುತ್ತಿದ್ದವರಿಗೇ ಅದನ್ನು ಮೇಲೆ ನಿಂತು ನಡೆಸಲು ಕಲಿಸಿದರು. ಅಲ್ಲಿನ ಮಕ್ಕಳು ನಮ್ಮ ಮಕ್ಕಳಿಗಿಂತ ಜಾಣರು ಅಂತ ನಾನು ಒಪ್ಪುವುದಿಲ್ಲ. ಕಾಲೇಜು ಮುಗಿದ ಮೇಲೂ ಅವರಿಗೆ ಬಾಗಿಲು ತೆರೆದ ಇಲಾಖೆಯೊಂದು ಇತ್ತು, ಅಷ್ಟೇ.

ನಮ್ಮಲ್ಲಿ ಕೆಲಸಕ್ಕೇನು ಬರವೇ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು 33 ಗೇಟುಗಳಿಂದಲೂ ನೀರು ಬಿಡಬೇಕಾಯಿತು. ತುಂಬಿ ನಿಂತಿದ್ದ ನೀರು ಕಣ್ಣೆದುರೇ ಹರಿದುಹೋಗುವುದನ್ನು ರೈತರು ನೋಡುತ್ತಾ ನಿಂತರು. ನಮ್ಮ ಮಕ್ಕಳ ಸೆನ್ಸರ್ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಅದು ಸುಳ್ಳಾಗುತ್ತದೆ. ಆದರೆ ಚೈನಿನ ಎಳೆತ ಎಷ್ಟು, ಗೇಟು ಏರುವಾಗ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಅದರ ನಡುಕ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ, ಇವನ್ನು ಅಳೆಯಲು ಕಲಿಸುವುದೇ ನಮ್ಮ ಪಾಠ. ಅಷ್ಟು ದೊಡ್ಡ ಅಣೆಕಟ್ಟೆ ಬೇಡ. ಯಾವುದಾದರೂ ಸಣ್ಣ ಕಾಲುವೆಯ ಒಂದು ತೂಬು ಕೊಡಿ ಎಂದು ನಾವು ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದೆವು. ಉತ್ತರವೇ ಬರಲಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿರುವ ತೂಬು ಅದಕ್ಕೇ ಇನ್ನೂ ಬಕೆಟ್ ನೀರಿನಲ್ಲೇ ಆಡಿದೆ.

ಈಗ ನನ್ನ ಬೇಡಿಕೆ. ಪ್ರಾಜೆಕ್ಟಿಗೆ ಎರಡನೇ ವರ್ಷ ಕೊಡಿ.

ಹೋದ ವರ್ಷದ ಕೆಲಸ ಮುಂದುವರಿಸಿದರೆ ಅದು ತಪ್ಪಲ್ಲ ಎಂದು ಮೌಲ್ಯಮಾಪನದ ನಿಯಮದಲ್ಲೇ ಬರೆಸಿ. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಹೇಗೆ ಸರಿಯಾಯಿತು ಎಂಬುದಕ್ಕೆ ಅಂಕ ಇರಲಿ. ತಂಡದ ಒಬ್ಬರಾದರೂ ಪದವಿ ಆದ ಮೇಲೆ ಒಂದು ವರ್ಷ ಕಾಲೇಜಿನಲ್ಲೇ ಉಳಿಯುವಷ್ಟು ಸ್ಟೈಪೆಂಡ್ ಕೊಡಿ. ಆ ಕೊನೆಗಾರರ ಮಗಳು ಉಳಿಯಲು ತಯಾರಿದ್ದಳು. ಮನೆ ನಡೆಯಬೇಕಲ್ಲ, ಹೋದಳು. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಸಹಾಯಧನ ಕೊಡುತ್ತಾ ಬಂದಿದೆ. ಎಷ್ಟೋ ಬಡ ಮಕ್ಕಳ ಮೋಟಾರು, ಬ್ಯಾಟರಿ ಬಂದದ್ದು ಆ ದುಡ್ಡಿನಿಂದ. ಹೊಸ ಕಟ್ಟಡ, ಹೊಸ ಹೆಸರಿನ ಕೇಂದ್ರ ಯಾವುದೂ ಬೇಡ. ಆ ಯೋಜನೆಗೇ ಎರಡನೇ ವರ್ಷದ ಕಂತೊಂದನ್ನು ಸೇರಿಸಿದರೆ ಆಯಿತು.

ಆಮೇಲೆ ಜಾಗ. ಇದು ನಿಮ್ಮೊಬ್ಬರ ಇಲಾಖೆಯಿಂದ ಆಗುವ ಮಾತಲ್ಲ, ಗೊತ್ತು. ಆದರೆ ತೋಟಗಾರಿಕೆ, ಜಲಸಂಪನ್ಮೂಲ, ನಗರಾಭಿವೃದ್ಧಿ ಸಚಿವರು ಸಂಪುಟ ಸಭೆಯಲ್ಲಿ ನಿಮ್ಮ ಜೊತೆಗೇ ಕೂರುತ್ತಾರೆ. ಜಿಲ್ಲೆಗೆ ಒಂದು ತೋಟ, ಒಂದು ತೂಬು, ಒಂದು ಚರಂಡಿ ಸಾಲು ಪರೀಕ್ಷೆಗೆ ಬಿಟ್ಟುಕೊಡುವಂತೆ ಅವರಿಗೆ ಹೇಳಿ. ಜೊತೆಗೆ ವಿಮೆ ಬೇಕು. "ಯಂತ್ರ ಬಿದ್ದು ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರು?" ಎಂದು ಪ್ರಾಂಶುಪಾಲರು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಅವರು ಕೇಳಿದ್ದರಲ್ಲಿ ತಪ್ಪೂ ಇಲ್ಲ.

ಇನ್ನೊಂದು ಸಣ್ಣ ಮಾತು, ಭಾಷೆಯದು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕೃತಕ ಬುದ್ಧಿಮತ್ತೆ, ರೋಬೋಟುಗಳ ಮೇಲೆ ಕೆಲಸ ಮಾಡುವ ಆರ್ಟ್‌ಪಾರ್ಕ್ ಸೇರಿ ವಾಣಿ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಧ್ವನಿಮುದ್ರಿಸಿ, ಎಲ್ಲರ ಬಳಕೆಗೆ ಬಿಡುತ್ತಿವೆ. ಕೈ ಬಿಡುವಿಲ್ಲದ ಕೊನೆಗಾರ "ನಿಲ್ಲು" ಎಂದರೆ ಯಂತ್ರ ನಿಲ್ಲಬೇಕು. ಅವರು ಬೀದರ್ ಕಡೆಯವರಿರಲಿ, ಪುತ್ತೂರಿನವರಿರಲಿ, ಮಳೆಯ ಸದ್ದಿನ ನಡುವೆ ಕೂಗಲಿ, ಅದಕ್ಕೆ ಅರ್ಥವಾಗಬೇಕು. ಇಂಥ ಕೆಲಸ ನಮ್ಮಂಥ ಕಾಲೇಜುಗಳಲ್ಲೇ ಚೆನ್ನಾಗಿ ಆಗುತ್ತದೆ. ಆ ಮಾತಾಡುವವರು ನಮ್ಮ ಗೇಟಿನ ಹೊರಗೇ ಇದ್ದಾರಲ್ಲ.

ಆ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಬೆಂಗಳೂರಿನಲ್ಲಿ ಕಂಪನಿ ಕೆಲಸ, ಸಂಬಳ ಪರವಾಗಿಲ್ಲ. ಮನೆಯ ಸುದ್ದಿ ಎಲ್ಲ ಆದ ಮೇಲೆ ಮೆಲ್ಲಗೆ ಕೇಳಿದಳು: "ಸಾರ್, ನಮ್ಮ ಮೆಷಿನ್ ಇದೆಯಾ, ಗುಜರಿಗೆ ಹಾಕಿದ್ರಾ?" ಇದೆಯಮ್ಮಾ ಅಂದೆ. ಬ್ಯಾಟರಿ ಉಬ್ಬಿದೆ, ಬೆಲ್ಟು ಬದಲಾಯಿಸಬೇಕು, ಉಳಿದದ್ದೆಲ್ಲ ಗಟ್ಟಿಯಾಗಿದೆ. ಅವಳ ಅಪ್ಪ ಈ ವರ್ಷವೂ ಮರ ಹತ್ತುತ್ತಿದ್ದಾರಂತೆ.

ಸಚಿವರೇ, ಬರುವ ಆರಿದ್ರೆ ಮಳೆಗೆ ನಮ್ಮ ಕಡೆ ಬನ್ನಿ. ಬೀರುವಿನ ಬೀಗ ತೆಗೆದು, ಯಂತ್ರವನ್ನು ತೋಟಕ್ಕೆ ಒಯ್ಯೋಣ. ಜಾರಿದರೆ ಜಾರಲಿ, ಎಲ್ಲಿ ಜಾರಿತು ಅಂತ ಬರೆದಿಟ್ಟುಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಎಂಜಿನಿಯರಿಂಗ್ ಮೇಷ್ಟ್ರು